ಮುಂದಿನ ಚಕ್ರದ ಬ್ರೇಕ್ ಪೈಪು

ಗುರುವಾರ, ಬೆಳಗ್ಗೆ ಒಂಬತ್ತು

ಪಟಾಕೀ,

‘ಪ್ರೀತಿಯ’ ಎಂದು ಬರೆಯಲು ಹೋಗಿ ಪೆನ್ನು ನಿಂತಿತು. ಬರೀ ನಾದಿನಿ ಅನ್ನಲೂ ಮನಸ್ಸು ಬರಲಿಲ್ಲ. ಹಾಗಾಗಿ ವರ್ಕ್‌ಶಾಪಿನ ಹೆಸರೇ ಇರಲಿ.

ಮೊದಲು ಕೆಲಸದ ಮಾತು. ಇವತ್ತು ಮಧ್ಯಾಹ್ನ ಕಾರು ಹೊರಗೆ ತೆಗೆಯಬೇಡ. ಮುಂದಿನ ಎರಡೂ ಚಕ್ರಗಳ ಬ್ರೇಕ್ ಪೈಪುಗಳು ಗಿಡ್ಡವಾಗಿವೆ. ಅವನ್ನು ಬದಲಿಸದೆ ಭಾನುವಾರದ ರೇಸಿಗೆ ಹೋಗಲೇಬೇಡ. ಯಾಕೆಂದು ಕೆಳಗೆ ಬರೆದಿದ್ದೇನೆ. ಫೋನಿನಲ್ಲಿ ನನ್ನ ನಂಬರನ್ನು ನೀನು ತಡೆದಿಟ್ಟಿದ್ದೀಯ, ಅದಕ್ಕೇ ಈ ಕಾಗದ. ಮಗು ನಿದ್ದೆ ಮಾಡಲು ಬಿಡುತ್ತಿಲ್ಲ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ಹೋದ ವರ್ಷ ಇದೇ ಹೊತ್ತಿಗೆ ನಾನು ಏಳು ತಿಂಗಳ ಬಸುರಿ, ಕಾಲೇಜಿನ ಕೊನೆಯ ವರ್ಷ. ಹೊಟ್ಟೆ ಮೇಜಿಗೆ ತಾಗುತ್ತದೆಂದು ಕುರ್ಚಿ ಓರೆ ಹಾಕಿಕೊಂಡು ನಮ್ಮ ಕಾಲೇಜು ತಂಡದ ರೇಸ್ ಕಾರಿನ ನಕ್ಷೆ ಬರೆಯುತ್ತಿದ್ದೆ. ‘ಲೇ ಕುಳ್ಳಿ, ನಿನ್ ಮಗು ಹುಟ್ಟಿದ ತಕ್ಷಣ ಸ್ಟೀರಿಂಗ್ ಎಲ್ಲಿ ಅಂತ ಕೇಳತ್ತೆ ನೋಡು’ ಎಂದು ನಗಿಸುತ್ತಿದ್ದವಳು ನೀನು. ಮನೆಗೆ ಬಂದರೆ ಅತ್ತೆಯ ಮುಂದೆ ಪಾಪದವಳ ಹಾಗೆ ‘ಅತ್ತಿಗೆ, ಕಾಲು ಮೇಲಿಟ್ಕೊಳ್ಳಿ’ ಅನ್ನುತ್ತಿದ್ದೆ. ಕಾರು ಓಡಿಸುವವಳು ನೀನೆಂದು ನಾನು ಎಲ್ಲವನ್ನೂ ನಿನ್ನ ಅಳತೆಗೇ ಹೊಲಿದ ಹಾಗೆ ಮಾಡಿದೆ. ಪೆಡಲಿನ ದೂರ ನಿನ್ನ ಕಾಲಿನದು. ಸ್ಟೀರಿಂಗ್ ನಿನ್ನ ಸಣಕಲು ತೋಳಿಗೆ ಭಾರವಾಗಬಾರದೆಂದು ಅದರ ಹಲ್ಲುಚಕ್ರವನ್ನು ಮೂರು ಸಲ ಬದಲಿಸಿದೆ. ಬ್ರೇಕ್ ಒತ್ತಿದರೆ ಕಾರಿನ ಮೂಗು ನೆಲಕ್ಕೆ ಕುಕ್ಕಬಾರದೆಂದು ಚಕ್ರ ಹಿಡಿದಿಡುವ ಸಸ್ಪೆನ್ಷನ್ನಿನ ತೋಳುಗಳನ್ನು ಮೊದಲಿನಿಂದ ಬರೆದೆ. ನಕ್ಷೆಯ ಮೂಲೆಯಲ್ಲಿ ಇಬ್ಬರ ಹೆಸರೂ ಇರುತ್ತದೆ ಎಂದಿದ್ದೆಯಲ್ಲ, ನೆನಪಿದೆಯೇ?

ಆಮೇಲೆ ಮಗು ಬಂತು, ಆ ಅಳತೆ, ನಕ್ಷೆಗಳೆಲ್ಲ ಇದ್ದ ನನ್ನ ನೀಲಿ ನೋಟುಬುಕ್ಕು ಕಾಣೆಯಾಯಿತು. ಮಗುವಿನ ಬಟ್ಟೆಯ ಕಪಾಟಿನಿಂದ ಹಿಡಿದು ಇಡೀ ಮನೆ ತಡಕಾಡಿದೆ. ನಿಮ್ಮಣ್ಣನೂ ನನ್ನ ಜೊತೆ ಮಂಚದ ಕೆಳಗೆ ಬಗ್ಗಿ ಹುಡುಕಿದ. ‘ನಿನಗೀಗ ಮರೆವು ಜಾಸ್ತಿ ಆಗಿದೆ ಕಣೇ’ ಎಂದು ತಲೆ ಸವರಿದ. ಅದನ್ನು ತೆಗೆದು ನಿನ್ನ ಕೈಗೆ ಕೊಟ್ಟವನು ತಾನೇ ಆಗಿದ್ದೂ ಹಾಗೆ ಬಗ್ಗಿ ಹುಡುಕಿದನಲ್ಲ, ಅದನ್ನು ನುಂಗಿಕೊಳ್ಳಲು ನನಗೆ ಇವತ್ತಿಗೂ ಆಗಿಲ್ಲ.

ವಿಷಯ ತಿಳಿದದ್ದು ಮಗುವಿಗೆ ಹಾಲು ಕುಡಿಸುತ್ತ ನಿಮ್ಮ ತಂಡದ ವೀಡಿಯೊ ನೋಡುವಾಗ. ಪರೀಕ್ಷಕರು ಕೇಳಿದರು, ಸಸ್ಪೆನ್ಷನ್, ಬ್ರೇಕ್, ಸ್ಟೀರಿಂಗ್ ಇಷ್ಟೂ ಯಾರ ಕೆಲಸ ಎಂದು. ನೀನು ಕಣ್ಣು ಮಿಟುಕಿಸದೆ ‘ನಂದೇ ಸಾರ್’ ಎಂದೆ. ಚಪ್ಪಾಳೆ ಬಿತ್ತು. ಹಾಲು ಕುಡಿಯುತ್ತಿದ್ದ ಮಗು ಬೆಚ್ಚಿತು. ನಿಮ್ಮಣ್ಣನನ್ನು ಕೇಳಿದರೆ, ನೋಟುಬುಕ್ಕು ಕೊಟ್ಟದ್ದು ತಾನೇ ಎಂದು ಒಪ್ಪಿ, ‘ಮನೆಯಲ್ಲೇ ಉಳೀತಲ್ಲ, ಯಾರ ಹೆಸರಾದ್ರೇನು ಬಿಡು. ಮಗು ಬಿಟ್ಟು ನೀನು ಹೋಗಿ ನಿಲ್ತಿದ್ದೆಯಾ ಅಲ್ಲಿ?’ ಎಂದ. ನಿನಗೆ ಫೋನ್ ಮಾಡಿ ಕೂಗಾಡಿದೆ, ನಿಜ. ನೀನು ಹೇಳಿದ್ದು ಒಂದೇ ಮಾತು: ‘ಅತ್ತಿಗೆ, ನಿಮಗೆ ನಿದ್ದೆ ಸಾಲ್ತಿಲ್ಲ.’ ಆ ದಿನ ನೀನು ‘ಲೇ’ ಎಂದಿದ್ದರೆ ಕ್ಷಮಿಸಿಬಿಡುತ್ತಿದ್ದೆನೋ ಏನೋ.

ಅದೇ ವೀಡಿಯೊವನ್ನು ಎಷ್ಟು ಸಲ ನೋಡಿದೆನೋ. ಕೊನೆಗೆ ನಿನ್ನ ಮುಖ ಬಿಟ್ಟು ಕಾರನ್ನು ನೋಡತೊಡಗಿದೆ. ನಿನ್ನೆ ಕಣ್ಣಿಗೆ ಬಿತ್ತು. ನೀನು ಓಡಿಸಿ ತೋರಿಸುವಾಗ ಕೊನೆಯ ಎಡ ತಿರುವಿನಲ್ಲಿ ಒಳಗಡೆಯ ಮುಂದಿನ ಚಕ್ರ ಹಗುರಾಗಿ ಕೆಳಕ್ಕೆ ಜೋತುಬೀಳುತ್ತದೆ. ಆಗ ಬ್ರೇಕ್ ಪೈಪು ತಂತಿಯ ಹಾಗೆ ಬಿಗಿಯುತ್ತದೆ. ಇದು ನನ್ನದೇ ತಪ್ಪು. ಕಾರನ್ನು ಸ್ಟ್ಯಾಂಡಿನ ಮೇಲೆತ್ತಿ ಚಕ್ರ ಜೋತುಬಿದ್ದಾಗ ಅಳೆದಿದ್ದೆ. ಆಗ ಚಕ್ರ ನೇರವಾಗಿತ್ತು. ನೆಲದ ಮೇಲಿಟ್ಟು ಪೂರ್ತಿ ತಿರುಗಿಸಿ ಅಳೆದಿದ್ದೆ. ಆಗ ಚಕ್ರ ಜೋತುಬಿದ್ದಿರಲಿಲ್ಲ. ಎರಡನ್ನೂ ಒಟ್ಟಿಗೆ ಅಳೆಯಲೇ ಇಲ್ಲ. ಮಗುವಿನ ಸ್ವೆಟರಿನ ಉಲ್ಲನ್ ದಾರ ಹಿಡಿದು, ನೆನಪಿದ್ದ ಅಳತೆಗಳಿಗೆ ಹೊಂದಿಸಿ ನೋಡಿದೆ. ಎರಡೂವರೆ ಸೆಂಟಿಮೀಟರ್ ಕಡಿಮೆ. ಪೈಪು ಕಿತ್ತುಬಂದರೆ ಮುಂದಿನ ಬ್ರೇಕುಗಳೆರಡೂ ಹೋಗುತ್ತವೆ. ಹಿಂದಿನವು ಮಾತ್ರ ಹಿಡಿದರೆ ತಿರುವಿನಲ್ಲಿ ಕಾರು ಗಿರ್ರನೆ ಸುತ್ತುತ್ತದೆ. ಒಳಗಿರುವವಳು ನೀನು.

ಎರಡೂ ಕಡೆ ಈಗಿನದಕ್ಕಿಂತ ಐದು ಸೆಂಟಿಮೀಟರ್ ಹೆಚ್ಚು ಉದ್ದದ್ದು ಹಾಕಿಸು. ಟೈರಿಗೆ ಉಜ್ಜದಂತೆ ಕ್ಲಿಪ್ ಹಾಕು. ಚಕ್ರವನ್ನು ಜೋತುಬಿಟ್ಟು, ಆ ಕಡೆ ಈ ಕಡೆ ಪೂರ್ತಿ ತಿರುಗಿಸಿ, ನಿನ್ನ ಬೆರಳಿನಿಂದಲೇ ಸಡಿಲ ನೋಡು. ಬೇರೆಯವರು ನೋಡಿದ್ದಾರೆಂದು ಬಿಡಬೇಡ.

ದಿನಾ ಸಂಜೆ ನಿಮ್ಮಣ್ಣನನ್ನು ‘ಇವತ್ತು ಗಾಡಿ ಓಡಿಸಿದಳಾ, ಹೇಗಿತ್ತಂತೆ?’ ಎಂದು ಕೇಳುತ್ತಿದ್ದೆ. ನನ್ನ ಕೋಪ ಇಳಿಯಿತೆಂದು ಅವನಿಗೆ ಸಮಾಧಾನ. ಈ ಕಾಗದವನ್ನೂ ಅಂಟಿಸಿ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಅಂದು ನನಗೆ ತಿಳಿಯದಂತೆ ನೋಟುಬುಕ್ಕು ಒಯ್ದ. ಇಂದು ತಾನು ಏನು ಒಯ್ಯುತ್ತಿದ್ದಾನೆಂದು ಅವನಿಗೇ ತಿಳಿಯದು.

ಪೈಪು ಯಾಕೆ ಬದಲಿಸುತ್ತಿದ್ದೀಯ ಎಂದು ನಿಮ್ಮ ಮೇಷ್ಟ್ರು ಕೇಳಿಯೇ ಕೇಳುತ್ತಾರೆ. ಯಾರ ತಪ್ಪು ಎಂದೂ ಕೇಳುತ್ತಾರೆ. ಆಗ ನನ್ನ ಹೆಸರು ಹೇಳು. ಅದೊಂದನ್ನಾದರೂ ನನ್ನದು ಎಂದು ಹೇಳು.

ನಿನ್ನ ಅತ್ತಿಗೆಯೂ ಆದ
ಕುಳ್ಳಿ

ಮರೆತಿದ್ದು: ಮರೆತಿದ್ದಲ್ಲ, ಮುಚ್ಚಿಟ್ಟಿದ್ದು. ಪೈಪು ಬಿಗಿದದ್ದನ್ನು ನಾನು ನೋಡಿದ್ದು ನಿನ್ನೆಯಲ್ಲ, ಹೋದ ವಾರ ಮಂಗಳವಾರ. ಅದಾದ ಮೇಲೆ ನೀನು ನಾಲ್ಕು ದಿನ ಕಾರು ಓಡಿಸಿದೆ. ಸಂಜೆ ನಾನು ಕೇಳುತ್ತಿದ್ದುದು ಕಾರಿನ ಸುದ್ದಿಯಲ್ಲ, ನಿನಗೇನಾದರೂ ಆಯಿತೇ ಎಂದು. ಇನ್ನೊಂದು, ನನ್ನ ನಿದ್ದೆ ಕೆಡಿಸಿದ್ದು ಮಗುವಲ್ಲ; ಅದು ಒಂಬತ್ತು ದಿನಗಳಿಂದ ಬೆಳಗಿನವರೆಗೂ ಚೆನ್ನಾಗಿ ನಿದ್ದೆ ಮಾಡುತ್ತಿದೆ.