ಚಕ್ಕೆ, ಸಕ್ಕರೆ ಮತ್ತು ಚಿಲಕ

ಕೋಣೆಗೆ ಒಳಗಿನಿಂದ ಚಿಲಕ ಹಾಕಿಕೊಂಡಿರುವ ನನ್ನವಳಿಗೆ,

ನಿನ್ನೆ ನಿನ್ನ ತಂಗಿಯ ಮನೆಯಲ್ಲಿ ಫ್ರೆಂಚ್ ಟೋಸ್ಟ್ ತಿನ್ನುತ್ತಾ, "ನಮ್ಮನೇಲಿ ಇದನ್ನ ಅಗಿಯೋಕೆ ದವಡೆಗೆ ಸಂಬಳ ಕೊಡಬೇಕು" ಎಂದವನು ನಾನೇ. ಅದಕ್ಕೇ ಇವತ್ತು ನಾನೇ ಮಾಡಿದೆ. ಬ್ರೆಡ್ಡನ್ನು ಮೊಟ್ಟೆ, ಹಾಲಿನಲ್ಲಿ ಬಟ್ಟೆಯಂತೆ ನೆನೆಹಾಕಿ ಸ್ನಾನಕ್ಕೆ ಹೋದೆ. ಬಂದು ಕಾವಲಿಗೆ ಸೌಟಿನಲ್ಲಿ ಹುಯ್ಯಬೇಕಾಯಿತು.

ಮಗಳು ನೋಡಿ, "ಅಪ್ಪಾ, ಇದನ್ನ ತಿನ್ನೋದಾ, ಗೋಡೆಗೆ ಮೆತ್ತೋದಾ?" ಎಂದಳು. ಚಕ್ಕೆ ಪುಡಿಯೂ ಸಕ್ಕರೆಯೂ ಹದವಾಗಿಯೇ ಇವೆ. ಸೊಕ್ಕು ಮಾತ್ರ ಹೆಚ್ಚಾಗಿತ್ತು, ಅದೀಗ ತಳ ಹಿಡಿದಿದೆ.

ಪತ್ರವೇನೋ ಬಾಗಿಲಡಿ ನುಸುಳುತ್ತದೆ, ತಟ್ಟೆ ನುಸುಳುವುದಿಲ್ಲ. ಮಾತಾಡದಿದ್ದರೂ ಸರಿ, ತಟ್ಟೆ ಹಿಡಿಸುವಷ್ಟು ಬಾಗಿಲು ತೆಗೆ. ಬೈಯುವುದಾದರೆ ಇನ್ನೂ ಸ್ವಲ್ಪ ಅಗಲವಾಗಿಯೇ ತೆಗೆ.

ಇಂತಿ,
ಹೊಸ್ತಿಲ ಬಳಿ ಕಾವಲಿ ಕೆರೆಯುತ್ತಾ ಕೂತಿರುವ ನಿನ್ನವನು