ಕೆನ್ನೆಯ ಮೇಲೆ ಉಳಿದ ಬಿಸಿಲು

ಮಾಳಮಡ್ಡಿ, ಧಾರವಾಡ
೨೭ ಜೂನ್ ೧೯೯೯

ಅವ್ವಾ, ನಿನ್ನ ರಾಜೇಶ್ವರಿಯ ನಮಸ್ಕಾರ.

ಈ ಪತ್ರವನ್ನು ಅಪ್ಪನಿಗೆ ಕೊಡುವ ಮೊದಲು ನೀನೊಬ್ಬಳೇ ಓದು. ಅಕ್ಷರ ಕೂಡಿಸಿ ಓದಲು ತಡವಾದರೂ ಆಗಲಿ.

ಬಿಸಿಲಿಗೆ ಮುಖ ಸ್ವಲ್ಪ ಕೆಂಪಾಗಿತ್ತು, ಈಗ ಆರಾಮ ಎಂದು ಹೋದ ಸಲ ಬರೆದಿದ್ದೆ. ಆರಾಮ ಇರಲಿಲ್ಲ ಅವ್ವಾ.

ಏಪ್ರಿಲ್‌ನಲ್ಲಿ ನಮ್ಮ ಕಚೇರಿಯವರು ಹುಬ್ಬಳ್ಳಿ ಕಡೆ ಹೊಸ ರಸ್ತೆಗೆ ಅಳತೆ ಮಾಡುತ್ತಿದ್ದರು. ಎರೆಹೊಲದಲ್ಲಿ ಒಂದು ಗಿಡದ ನೆರಳೂ ಇಲ್ಲ. ಅಳತೆಕೋಲು ಹಿಡಿದು ನಿಲ್ಲುವುದು ನನ್ನ ಕೆಲಸ. ಹೆಣ್ಣುಮಗಳೆಂದು ಯಾರೂ ಕನಿಕರಪಡಬಾರದೆಂಬ ಹಟಕ್ಕೆ ತಲೆಯ ಮೇಲೆ ಓಢಣಿಯನ್ನೂ ಹಾಕಲಿಲ್ಲ. ಒಂದು ಸಂಜೆ ಮನೆಗೆ ಬಂದಾಗ ಮುಖ, ಕುತ್ತಿಗೆ, ಮುಂಗೈ ಕೆಂಡವಾಗಿದ್ದವು. ಗುಳ್ಳೆ ಎದ್ದವು, ಒಡೆದವು, ಸಿಪ್ಪೆ ಸುಲಿಯಿತು. ಕೈ, ಕುತ್ತಿಗೆ ಮೊದಲಿನಂತಾದವು. ಮುಖ ಮಾತ್ರ ಆಗಲಿಲ್ಲ. ಮೂಗಿನ ಮೇಲೂ ಎರಡು ಕೆನ್ನೆಗಳ ಮೇಲೂ ಕೆಂಪು ಹಾಗೆಯೇ ಕೂತುಬಿಟ್ಟಿತು. ಸೋಪು ತಾಗಿದರೆ ಉರಿ, ಬಾಗಿಲಲ್ಲಿ ನಿಂತರೆ ಉರಿ. ಮೃಗಶಿರ ಮಳೆ ಹಿಡಿದು ಮೋಡ ಕವಿದರೂ ಹೋಗಲಿಲ್ಲ.

ಮನೆಯೊಡತಿ ದೇವಕ್ಕ ಮೊದಮೊದಲು ತಾವೇ ಲೋಳೆಸರ ಹಚ್ಚುತ್ತಿದ್ದರು. ಆಮೇಲೆ ಒಂದು ದಿನ ನನ್ನ ತಾಟು, ಲೋಟ ಬೇರೆ ಇಟ್ಟರು. “ಸಿಟ್ಟಾಗಬ್ಯಾಡ ತಂಗಿ, ಮನ್ಯಾಗ ಸಣ್ಣ ಕೂಸೈತಿ. ಇದು ಕುಷ್ಠ ಇದ್ರ ಏನ್ ಮಾಡೂದು?” ಎಂದರು.

ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಕೆನ್ನೆಗೆ ಪಿನ್ನು ಚುಚ್ಚಿಕೊಂಡೆ; ಕುಷ್ಠವಿದ್ದರೆ ಚುಚ್ಚಿದ್ದು ತಿಳಿಯುವುದಿಲ್ಲವಂತೆ. ನೋಯಿತು. ನೋವಾಗಿದ್ದಕ್ಕೆ ಅಷ್ಟು ಖುಷಿಪಟ್ಟವಳು ನಾನೊಬ್ಬಳೇ ಇರಬೇಕು. ಆದರೆ ಅಷ್ಟರಲ್ಲಿ ಬೇರೆ ತೊಂದರೆಗಳೂ ಸುರುವಾಗಿದ್ದವು. ಬೆಳಿಗ್ಗೆ ಎದ್ದು ತಲೆ ಬಾಚಲು ಹಣಿಗೆ ಹಿಡಿದರೆ ಬೆರಳು ಮಡಚುತ್ತಿರಲಿಲ್ಲ. ಕೂದಲು ಹಿಡಿಹಿಡಿಯಾಗಿ ಬರುತ್ತಿತ್ತು. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಖರೇ ಆಗಿಬಿಡುತ್ತದೆ ಅನ್ನಿಸುತ್ತಿತ್ತು.

ಕಡೆಗೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೋದೆ. ಚರ್ಮದ ಡಾಕ್ಟರು ಶಹಜಹಾನಬೇಗಂ ಅಂತ, ನಿನ್ನ ವಯಸ್ಸಿನವರು. ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, “ಬರೇ ಬಿಸಿಲಿಗೆ ಸುಟ್ಟಿದ್ದು ಇಷ್ಟು ದಿನ ಉಳಿಯೂದಿಲ್ಲವ್ವಾ. ಕೀಲು ನೋಯ್ತಾವೇನು? ಕೂದಲಾ ಉದುರಾಕತ್ತಾವೇನು? ಬಾಯಾಗ ಹುಣ್ಣು?” ಎಂದು ಕೇಳಿದರು. ಒಂದೊಂದಕ್ಕೂ “ಹೌದ್ರಿ” ಅನ್ನುತ್ತಾ ನನ್ನ ದನಿ ಇಳಿಯಿತು. ನಾನು ಬಾಯಿ ಬಿಡದ ಮಾತು ಅವರಿಗೆ ಹೇಗೆ ಗೊತ್ತಾಯಿತು?

ರಕ್ತ, ಮೂತ್ರ ತೆಗೆದುಕೊಂಡರು. ರಿಪೋರ್ಟು ಬರುವವರೆಗೆ ಊಟ ಸೇರಲಿಲ್ಲ. ಬಂದ ಮೇಲೆ ಅವರು ಇದಕ್ಕೆ ಲೂಪಸ್ ಅನ್ನುತ್ತಾರೆಂದು ಹೇಳಿದರು. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿ ಬೀಳುತ್ತದಂತೆ. ಒಳಗೆ ಮಲಗಿದ್ದ ರೋಗವನ್ನು ಆ ಬಿಸಿಲು ಎಬ್ಬಿಸಿತ್ತು.

“ಸಾಯ್ತೇನೇನ್ರಿ?” ಎಂದು ಕೇಳಿಯೇಬಿಟ್ಟೆ.

“ಲಗೂ ಬಂದಿ, ಛಲೋ ಆತು. ಕಿಡ್ನಿಗೆ ಇನ್ನೂ ಏನೂ ಆಗಿಲ್ಲ. ಇದು ಪೂರಾ ಹೋಗೂದಿಲ್ಲ, ಖರೆ. ಆದ್ರ ಗುಳಿಗಿ ತಪ್ಪಸಲಿಲ್ಲಂದ್ರ, ಬಿಸಿಲಿಗೆ ಹೋಗಲಿಲ್ಲಂದ್ರ ಕೈಯಾಗ ಇರ್ತೈತಿ. ಒಬ್ಬರಿಂದ ಒಬ್ಬರಿಗೆ ಹತ್ತೂದಿಲ್ಲ.”

ಕಡೆಯ ಮಾತನ್ನು ದೇವಕ್ಕನಿಗೆ ಹೇಳಿದೆ. ಅವರು ನನ್ನ ತಾಟನ್ನು ತಮ್ಮ ತಾಟುಗಳ ನಡುವೆ ಇಟ್ಟು, ರೊಟ್ಟಿ ಹಾಕಿದರು. ಕಚೇರಿಯ ಸಾಹೇಬರು ನನ್ನನ್ನು ನಕ್ಷೆ ಬರೆಯುವ ಕೋಣೆಗೆ ಹಾಕಿದ್ದಾರೆ. ಉರಿ ಕಡಿಮೆಯಾಗಿದೆ, ಬೆರಳು ಮಡಚುತ್ತಿವೆ. ಆದರೂ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಮೊದಲು ಕೆನ್ನೆ ನೋಡಿಕೊಳ್ಳುತ್ತೇನೆ.

ನಿನ್ನ ಮಗಳು,
ರಾಜೇಶ್ವರಿ

ತಾ.ಕ.: ನಿನ್ನೆ ಮತ್ತೆ ತೋರಿಸಲು ಹೋದಾಗ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯೇ ಎಂದು ಡಾಕ್ಟರು ಕೇಳಿದರು; ಇಲ್ಲವೆಂದು ಹೇಳಿ ಹೊರಗೆ ಬಂದೆ. ಬಸ್ಸಿಗೆ ಕಾಯುತ್ತಾ ನಿಂತಾಗ ನಿನ್ನ ಮುಖ ಕಣ್ಣ ಮುಂದೆ ಬಂತು. ಕಳೆ ತೆಗೆದು ಬಂದ ದಿನ ನಿನ್ನ ಕೆನ್ನೆಗಳು ಕೆಂಪಗೆ ಉರಿಯುವುದನ್ನು ನಾವೆಲ್ಲ ಬಿಸಿಲೆಂದೇ ತಿಳಿದಿದ್ದೇವೆ. ಈಚೆಗೆ ಕಾಲು ಬಾತಿವೆ, ಚಪ್ಪಲಿ ಹಿಡಿಸುತ್ತಿಲ್ಲ ಎಂದು ನೀನೇ ಬರೆಸಿದ್ದೆ. ಓಡಿಹೋಗಿ ಡಾಕ್ಟರಿಗೆ ಹೇಳಿದೆ. ಅವರ ಮುಖದ ನಗು ಹೋಯಿತು; “ಕಾಲು ಬಾತಾವಂದ್ರ ಕಿಡ್ನಿ ನೋಡಬೇಕು, ಲಗೂ ಕರಸು” ಎಂದರು. ಹೊಲ ಹಾಗೇ ಇರಲಿ ಅವ್ವಾ. ಈ ಪತ್ರ ಮುಟ್ಟಿದ ದಿನವೇ ಅಪ್ಪನನ್ನು ಕರೆದುಕೊಂಡು ಹುಬ್ಬಳ್ಳಿಯ ಬಸ್ಸು ಹತ್ತು.