ಕ್ರೇಟಿನ ಮೇಲಿನ ಸಾಲು

ಜೂನ್ 13, ಶುಕ್ರವಾರ

ಚಪ್ಪಾಳೆ ಇನ್ನೂ ಕಿವಿಯಲ್ಲಿದೆ, ಅದೇ ತೊಂದರೆ. ಕೋಲಾರದ ಕೃತಕ ಬುದ್ಧಿಮತ್ತೆ ಕಾರ್ಯಾಗಾರದಲ್ಲಿ ಬೆಳಿಗ್ಗೆ ನನ್ನ ಪ್ರೋಗ್ರಾಂ ತೋರಿಸಿದೆ. ಫೋಟೋ ನೋಡಿ ಮಾವು ಚೆನ್ನಾಗಿದೆಯೋ ಕೊಳೆತಿದೆಯೋ ಹೇಳುತ್ತದೆ. ನೂರಕ್ಕೆ ತೊಂಬತ್ತೆಂಟು ಸಲ ಸರಿ.

ಸಂಜೆ ಶ್ರೀನಿವಾಸಪುರದಲ್ಲಿ ಬಸ್ಸಿಳಿದವಳೇ ಮಾವಿನ ಮಂಡಿಗೆ ಹೋದೆ. ಪ್ರೋಗ್ರಾಂಗೆ ಕಲಿಸಲು ನನಗೆ ಅಲ್ಲಿ ಫೋಟೋ ತೆಗೆಯಲು ಬಿಟ್ಟವರು ಮಂಡಿಯ ವ್ಯಾಪಾರಿ ಅಜ್ಮತುಲ್ಲಾ ಸಾಬರು. ಇವತ್ತು ಆ ಫೋಟೋಗಳನ್ನೆಲ್ಲ ಒಂದೊಂದಾಗಿ ನೋಡಿದರು.

"ಎಲ್ಲಾ ಕ್ರೇಟಿನ ಮೇಲಿನ ಸಾಲೇ ತೆಗ್ದಿದ್ದೀಯಲ್ಲಮ್ಮಾ. ಮೇಲೆ ಯಾರಾದ್ರೂ ಕೆಟ್ಟ ಕಾಯಿ ಇಡ್ತಾರಾ?"

ಫೋಟೋಗಳಲ್ಲಿ ನೂರಕ್ಕೆ ತೊಂಬತ್ತೆಂಟು ಕಾಯಿ ಚೆನ್ನಾಗಿಯೇ ಇದ್ದರೆ, ಎಲ್ಲಕ್ಕೂ 'ಚೆನ್ನಾಗಿದೆ' ಎನ್ನುವ ಪ್ರೋಗ್ರಾಂ ಗೆಲ್ಲದೆ ಇನ್ನೇನು? ಮನೆಗೆ ಕೊಳ್ಳುವಾಗ ತಳಕ್ಕೆ ಕೈಹಾಕಿ ನೋಡದೆ ನಾನು ಒಂದು ಹಣ್ಣೂ ತಂದವಳಲ್ಲ. ಕ್ಯಾಮೆರಾ ಹಿಡಿದಾಗ ಮಾತ್ರ ಆ ಬುದ್ಧಿ ಎಲ್ಲಿ ಹೋಗಿತ್ತೋ.

"ತಗೊಂಡೋಗಿ ಚಪ್ಪಾಳೆ ತಟ್ಟಿದವ್ರ ಮುಂದೆ ಸುರಿಯಮ್ಮಾ," ಎಂದು ಒಂದು ಕ್ರೇಟ್ ಕೊಟ್ಟರು. ನಾಳೆ ಕಾರ್ಯಾಗಾರದಲ್ಲಿ ಎಲ್ಲರೆದುರು ಸುರಿಯುತ್ತೇನೆ. ನಾಚಿಕೆಯಾಗುತ್ತದೆ, ಆಗಲಿ.

ಕ್ರೇಟ್ ಈಗ ಮಂಚದ ಪಕ್ಕದಲ್ಲಿದೆ. ತಳದಿಂದ ಕೊಳೆತ ವಾಸನೆ ಬರುತ್ತಿದೆ. ಮಲಗುವ ಮುಂಚೆ ಮೇಲಿನಿಂದ ಅದರ ಫೋಟೋ ತೆಗೆದು ಪ್ರೋಗ್ರಾಂಗೆ ತೋರಿಸಿದೆ.

ಚೆನ್ನಾಗಿದೆ ಎಂದಿತು.